ಸೂರ್ಯಾಸ್ತಕ್ಕೆ ಮುನ್ನಿನ ಪಂಕ್ತಿ

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಶ್ರಾವಕನ ಹನ್ನೊಂದು ನೆಲೆಗಳನ್ನು ಹೇಳುತ್ತ ರಾತ್ರಿಭುಕ್ತಿವಿರತಿಯನ್ನು ಆರನೆಯದಾಗಿ ಇರಿಸಿದ್ದಾರೆ. ಅನ್ನ, ಪಾನ, ಖಾದ್ಯ, ಲೇಹ್ಯಗಳನ್ನು ಇರುಳಿನಲ್ಲಿ ತ್ಯಜಿಸುವ ಈ ವ್ರತಕ್ಕೆ ಜೀವದಯೆಯೇ ಮೂಲ. ಅದರಿಂದ ಮತ್ತೊಂದು ಫಲವೂ ಲಭಿಸಿತು: ವ್ರತವಿದ್ದ ಮನೆಗೆ ಅಸ್ತಮಾನವೇ ಗಡಿಯಾರವಾಯಿತು, ಹಿರಿಯರೂ ಕಿರಿಯರೂ ಆ ಹೊತ್ತಿಗೆ ಪಂಕ್ತಿ ಸೇರಬೇಕಾಯಿತು.

1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಕ್ರಮೇಣ ದೀಪ ಮನೆಯೊಳಗೂ ಬಂದಿತು. ಕಚೇರಿ, ಕಾರ್ಖಾನೆಗಳ ದುಡಿಮೆ ಇರುಳಿಗೂ ಚಾಚಿತು. ಪಂಕ್ತಿ ಚದುರಿತು.

ನಿತ್ಯವೂ ಕೂಡಲಾಗದವರು ಅಷ್ಟಮಿ, ಚತುರ್ದಶಿ, ಭಾನುವಾರಗಳನ್ನಾದರೂ ನಿಶ್ಚಯಿಸಿಕೊಳ್ಳಲಿ. ಅಡುಗೆ ಸರಳವಾಗಿರಲಿ, ಕೆಲಸ ಎಲ್ಲರಿಗೂ ಹಂಚಿಕೆಯಾಗಲಿ. ಅಸ್ತಮಾನದ ಗಡಿ ಬಡಿಸುವವಳಿಗೂ ಒಂದೇ. ಉಳಿದವರಿಗಾಗಿ ದುಡಿದು ಆಕೆ ಕತ್ತಲಲ್ಲಿ ಉಪವಾಸ ಉಳಿದರೆ ಆ ಮನೆಯ ದಯೆ ಅಪೂರ್ಣವೇ ಸರಿ.