ಗೋಡೆ ಬದಿಯ ಮೇಜು

1940ರ ಫೆಬ್ರವರಿ 29ರ ರಾತ್ರಿ. ಲಾಸ್ ಏಂಜಲೀಸಿನ ಅಂಬಾಸಡರ್ ಹೋಟೆಲಿನಲ್ಲಿ ಆಸ್ಕರ್ ಸಮಾರಂಭ. 'ಗಾನ್ ವಿತ್ ದಿ ವಿಂಡ್' ಚಿತ್ರದ ನಾಯಕ ನಾಯಕಿಯರೆಲ್ಲ ಒಂದು ಕಡೆ ಕೂತಿದ್ದರು. ಅದೇ ಚಿತ್ರದಲ್ಲಿ ಮ್ಯಾಮಿ ಎಂಬ ಆಳಿನ ಪಾತ್ರ ಮಾಡಿದ್ದ ಹ್ಯಾಟಿ ಮೆಕ್‌ಡೇನಿಯಲ್‌ಗೆ ಮಾತ್ರ ಗೋಡೆ ಬದಿಯಲ್ಲಿ ಬೇರೆ ಪುಟ್ಟ ಮೇಜು. ಕಪ್ಪುಜನರನ್ನು ಸೇರಿಸದ ಹೋಟೆಲು ಅದು. ನಿರ್ಮಾಪಕ ಸೆಲ್ಜ್‌ನಿಕ್ ಹೇಳಿಕೇಳಿ ಒಳಗೆ ಬಿಡಿಸಿದ್ದ. ಆ ಮೂಲೆಯಿಂದಲೇ ಎದ್ದುಬಂದು ಆಕೆ ಪೋಷಕ ನಟಿಯ ಪ್ರಶಸ್ತಿ ಪಡೆದಳು. ಆಸ್ಕರ್ ಗೆದ್ದ ಮೊದಲ ಕಪ್ಪು ಕಲಾವಿದೆ. ಹೋಟೆಲಿನ ಹೊರಗೆ ನಿಂತು ಬೇರೆ ಲೋಟದಲ್ಲಿ ಟೀ ಕುಡಿದ ನಮ್ಮ ಜನಕ್ಕೆ ಈ ಮೇಜಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಹ್ಯಾಟಿಯ ಅಪ್ಪ ಅವ್ವ ಇಬ್ಬರೂ ಗುಲಾಮರಾಗಿದ್ದವರು. ಅಪ್ಪ ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯ ಸೇರಿ ಕಾದಾಡಿದವನು. 1893ರಲ್ಲಿ ಕಾನ್ಸಾಸಿನಲ್ಲಿ ಹುಟ್ಟಿದ ಮಗಳು ಊರೂರು ಸುತ್ತಿ ಹಾಡಿದಳು, ನಗಿಸಿದಳು. 1929ರ ಆರ್ಥಿಕ ಕುಸಿತಕ್ಕೆ ಅದೂ ನಿಂತುಹೋಗಿ, ಮಿಲ್ವಾಕಿಯ ಒಂದು ಕ್ಲಬ್ಬಿನಲ್ಲಿ ಹೆಂಗಸರ ಕಕ್ಕಸಿನ ಆಳಾದಳು. ಅಲ್ಲೇ ಒಂದು ರಾತ್ರಿ ಹಾಡೋ ಅವಕಾಶ ಸಿಕ್ಕಿತು. 1931ರಲ್ಲಿ ಹಾಲಿವುಡ್ಡಿಗೆ ಬಂದಳು. ಹೊಟ್ಟೆಪಾಡಿಗೆ ಮನೆಗೆಲಸ, ಪರದೆಯ ಮೇಲೂ ಮನೆಗೆಲಸದವಳೇ.

ಆ ದೊಡ್ಡ ಚಿತ್ರದ ಮೊದಲ ಪ್ರದರ್ಶನ ನಡೆದದ್ದು 1939ರ ಡಿಸೆಂಬರ್ 15ರಂದು, ಜಾರ್ಜಿಯಾದ ಅಟ್ಲಾಂಟಾದಲ್ಲಿ. ಅಲ್ಲಿಯ ಬೇರ್ಪಡಿಕೆ ಕಾನೂನು ಅಂತ ಹೇಳಿ ಹ್ಯಾಟಿಯನ್ನು ದೂರ ಇಟ್ಟರು. ಹಿಂದಿನ ರಾತ್ರಿಯ ಬಿಳಿಯರ ಕೂಟದಲ್ಲಿ ಗುಲಾಮರ ವೇಷ ಹಾಕಿಸಿ ಹಾಡಿಸಿದ ಚರ್ಚಿನ ತಂಡದಲ್ಲಿ ಹತ್ತು ವರ್ಷದ ಮಾರ್ಟಿನ್ ಲೂಥರ್ ಕಿಂಗ್ ಇದ್ದ!

ಪ್ರಶಸ್ತಿ ಬಂದ ಮೇಲೆ ಪಾತ್ರ ಬದಲಾಯಿತೇ? ಇಲ್ಲ. ಮತ್ತದೇ ಸೆರಗು, ಅದೇ ಅಡಿಗೆಮನೆ. ಇತ್ತ ಸ್ವಂತ ಜನರೂ ತಿರುಗಿಬಿದ್ದರು. ಕಪ್ಪುಜನರ ಹಕ್ಕಿನ ಸಂಘಟನೆಯ ನಾಯಕ ವಾಲ್ಟರ್ ವೈಟ್ 1942ರಲ್ಲಿ ಹಾಲಿವುಡ್ಡಿಗೇ ಬಂದು, ಇಂಥ ಆಳಿನ ಪಾತ್ರಗಳು ನಿಲ್ಲಬೇಕು ಅಂತ ಪಟ್ಟು ಹಿಡಿದ. ಅವನು ಹೇಳಿದ್ದು ಸುಳ್ಳಲ್ಲ. ಗುಲಾಮಗಿರಿಯನ್ನು ಒಡೆಯ-ಆಳಿನ ಮಮತೆಯ ಸಂಸಾರದಂತೆ ತೋರಿಸಿದ ಚಿತ್ರ ಅದು. ಆದರೆ ಕತೆ ಬರೆದವರು ಬಿಳಿಯರು, ದುಡ್ಡು ಹಾಕಿದವರು ಬಿಳಿಯರು, ಬೈಗುಳದ ಪಾಲು ಮಾತ್ರ ಆಕೆಗೆ. ಆಳಿನ ಪಾತ್ರ ಬಿಟ್ಟರೆ ಮತ್ತೆ ನಿಜವಾದ ಆಳೇ ಆಗಬೇಕಲ್ಲ ಅನ್ನೋದು ಆಕೆಯ ವಾದ. ಹೊಟ್ಟೆಗಾಗಿ ತಮಟೆ ಹಿಡಿದವನನ್ನು ನಾವೂ ಸಭೆಗಳಲ್ಲಿ ಹೀಗೇ ನಿಲ್ಲಿಸಿ ಕೇಳಿದ್ದುಂಟು. ತಮಟೆ ಬಿಡಿ ಅಂದೆವು, ಸರಿಯಾಗೇ ಅಂದೆವು. ಬಿಟ್ಟವನ ಒಲೆ ಹೇಗೆ ಉರಿಯಿತು ಅಂತ ನೋಡಲು ಎಷ್ಟು ಸಲ ಹೋದೆವು?

ಹ್ಯಾಟಿ ಹೋರಾಡಲೇ ಇಲ್ಲ ಅನ್ನುವವರು 1945 ನೆನೆಯಬೇಕು. ಲಾಸ್ ಏಂಜಲೀಸಿನ ಷುಗರ್ ಹಿಲ್ ಬಡಾವಣೆಯಲ್ಲಿ ಮನೆ ಕೊಂಡ ಕಪ್ಪುಜನರನ್ನು ಎಬ್ಬಿಸಲು ಬಿಳಿ ನೆರೆಹೊರೆಯವರು ಕೋರ್ಟಿಗೆ ಹೋದರು. ಮನೆಪತ್ರದಲ್ಲೇ ಬಣ್ಣದ ಷರತ್ತು ಬರೆಸಿದ್ದರು. ಹ್ಯಾಟಿ ಉಳಿದವರನ್ನು ಕೂಡಿಸಿ ಕಾದಾಡಿ ಗೆದ್ದಳು.

ಸಿನಿಮಾ ಕೈಬಿಡುತ್ತ ಬಂದಾಗ 1947ರಲ್ಲಿ 'ಬ್ಯೂಲಾ' ರೇಡಿಯೋ ಕಾರ್ಯಕ್ರಮ ಎತ್ತಿ ನಿಲ್ಲಿಸಿತು. ಅದರಲ್ಲೂ ಮನೆಯಾಳೇ, ಆದರೆ ಕಥೆಗೆ ಆಕೆಯೇ ಮುಖ್ಯ. 1952ರ ಅಕ್ಟೋಬರ್ 26ರಂದು ಸ್ತನದ ಕ್ಯಾನ್ಸರಿನಿಂದ ತೀರಿಕೊಂಡಳು. ಹಾಲಿವುಡ್ ಸ್ಮಶಾನದಲ್ಲಿ ಮಣ್ಣಾಗಬೇಕೆಂಬುದು ಕೊನೆಯಾಸೆ. ಬಣ್ಣದ ಕಾರಣಕ್ಕೆ ಆರಡಿ ಜಾಗ ಕೊಡಲಿಲ್ಲ, ರೋಸ್‌ಡೇಲ್‌ನಲ್ಲಿ ಹೂಳಿದರು. ಹಾಲಿವುಡ್ ಸ್ಮಶಾನದಲ್ಲಿ ಆಕೆ ಹೆಸರಿನ ಕಲ್ಲು ನಿಂತದ್ದು 1999ರಲ್ಲಿ. ಹೋವರ್ಡ್ ವಿಶ್ವವಿದ್ಯಾಲಯಕ್ಕೆ ಬಿಟ್ಟುಹೋದ ಪ್ರಶಸ್ತಿ ಫಲಕ ಎಲ್ಲೋ ಕಳೆದುಹೋಯಿತು. ಅಕಾಡೆಮಿ ಅದರ ಬದಲಿಗೆ ಇನ್ನೊಂದನ್ನು ಮಾಡಿಸಿ ಕೊಟ್ಟದ್ದು 2023ರಲ್ಲಿ.