ಬಿಪಿ ಮಾತ್ರೆ ಮತ್ತು ಮೇದೋಜೀರಕ ಗ್ರಂಥಿ

ಬಿಪಿಗೆಂದು ನಮ್ಮ ಮನೆಗಳ ಹಿರಿಯರು ದಿನವೂ ನುಂಗುವ ಅಮ್ಲೋಡಿಪಿನ್, ಎದೆಬಡಿತದ ಏರುಪೇರಿಗೆ ಕೊಡುವ ವೆರಪಮಿಲ್, ಎರಡೂ ಒಂದೇ ಬಳಗದ ಮಾತ್ರೆಗಳು. ಜೀವಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗುವ ಬಾಗಿಲನ್ನು ಅವು ಅರೆಮುಚ್ಚುತ್ತವೆ. 1960ರ ದಶಕದಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಆಲ್ಬ್ರೆಕ್ಟ್ ಫ್ಲೆಕೆನ್‌ಸ್ಟೈನ್ ಈ ಗುಣವನ್ನು ಗುರುತಿಸಿದ್ದು ಹೃದಯದ ಸ್ನಾಯುವಿನಲ್ಲಿ. ಅದೇ ಬಾಗಿಲು ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶದಲ್ಲೂ ಇದೆ.

ಊಟವಾದ ಮೇಲೆ ರಕ್ತದ ಸಕ್ಕರೆ ಬೀಟಾ ಕೋಶವನ್ನು ಹೊಗುತ್ತದೆ. ಕೋಶದ ಚೈತನ್ಯ ಏರಿ, ಪೊಟ್ಯಾಸಿಯಂ ಹೊರಹೋಗುವ ದಾರಿ ಮುಚ್ಚುತ್ತದೆ; ಪೊರೆಯ ವಿದ್ಯುತ್ ಸ್ಥಿತಿ ಬದಲಾಗಿ ಕ್ಯಾಲ್ಸಿಯಂ ಬಾಗಿಲು ತೆರೆಯುತ್ತದೆ. ಆಗಲೇ ಇನ್ಸುಲಿನ್ ಹೊರಬರುವುದು. ಹಾಗಾಗಿ 1970ರ ದಶಕದ ಪ್ರಯೋಗಗಳಲ್ಲಿ ವೆರಪಮಿಲ್ ಹಾಕಿದರೆ ಇನ್ಸುಲಿನ್ ಇಳಿಯುತ್ತಿತ್ತು. ಈ ಮಾತ್ರೆಗಳನ್ನು ವಿಪರೀತ ನುಂಗಿದವರಲ್ಲಿ ಇಂದಿಗೂ ಸಕ್ಕರೆ ಏರುತ್ತದೆ. ಸಕ್ಕರೆ ಕಾಯಿಲೆಗೂ ಈ ಔಷಧಕ್ಕೂ ಆಗಿಬರದು ಎಂದೇ ಯಾರಿಗಾದರೂ ತೋರಬೇಕು.

ಗ್ರಂಥಿಯ ಉರಿಯೂತದ ಕಥೆ ಬೇರೆ. ಜೀರ್ಣರಸ ತಯಾರಿಸುವ ಕೋಶಗಳಲ್ಲಿ ಕ್ಯಾಲ್ಸಿಯಂ ಹದ ಮೀರಿ ಏರಿ ಅಲ್ಲೇ ನಿಂತರೆ, ಕರುಳಿನಲ್ಲಿ ಎಚ್ಚರಗೊಳ್ಳಬೇಕಾದ ಟ್ರಿಪ್ಸಿನ್ ಕೋಶದೊಳಗೇ ಎಚ್ಚರಗೊಳ್ಳುತ್ತದೆ. ಗ್ರಂಥಿ ತನ್ನನ್ನೇ ಅರಗಿಸಿಕೊಳ್ಳತೊಡಗುತ್ತದೆ. ಬ್ರಿಟನ್ನಿನಲ್ಲಿ ಓಲೆ ಪೀಟರ್ಸನ್ ಮತ್ತು ಸಂಗಡಿಗರು ದಶಕಗಳ ಕಾಲ ಇದನ್ನು ಬಿಡಿಸಿ ತೋರಿಸಿದರು. ಹಾಗಾದರೆ ಬಿಪಿ ಮಾತ್ರೆಯೇ ಸಾಕಲ್ಲವೇ? ಸಾಲದು. ಈ ಕೋಶಗಳು ಹೃದಯದ ಕೋಶಗಳಂತೆ ವಿದ್ಯುತ್ತಿಗೆ ಮಿಡಿಯುವುದಿಲ್ಲ, ಇಲ್ಲಿ ಕ್ಯಾಲ್ಸಿಯಂ ಒಳಬರುವುದು ಒರೈ ಎಂಬ ಬೇರೊಂದು ಬಾಗಿಲಿನಿಂದ. ಅದನ್ನು ಮುಚ್ಚುವ ಔಷಧಗಳು ಈಗ ರೋಗಿಗಳ ಮೇಲೆ ಪರೀಕ್ಷೆಯ ಹಂತದಲ್ಲಿವೆ. ಬಾಗಿಲು ಯಾವುದೆಂದು ಕಂಡುಕೊಂಡದ್ದೇ ಈ ಕ್ಷೇತ್ರದ ನಿಜವಾದ ಗಳಿಕೆ ಎಂದು ನನಗನ್ನಿಸುತ್ತದೆ.

ಅಮ್ಲೋಡಿಪಿನ್, ವೆರಪಮಿಲ್ ಬಳಗದ ಕೆಲವು ಮಾತ್ರೆಗಳಿಗೂ ಮೇದೋಜೀರಕದ ಕ್ಯಾನ್ಸರಿಗೂ ನಂಟಿದೆ ಎಂದ ಅಧ್ಯಯನಗಳಿವೆ. ನಂಟು ಕಂಡ ಮಾತ್ರಕ್ಕೆ ಅದೇ ಕಾರಣವೆನ್ನಲಾಗದು; ಹೆದರಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು.

ಮತ್ತೆ ಬೀಟಾ ಕೋಶಕ್ಕೆ ಬರೋಣ. ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಅನಾತ್ ಶಾಲೆವ್ ಅವರ ತಂಡ ಟಿಎಕ್ಸ್‌ಎನ್‌ಐಪಿ ಎಂಬ ಪ್ರೋಟೀನಿನ ಬೆನ್ನು ಹತ್ತಿತ್ತು. ಸಕ್ಕರೆ ಹೆಚ್ಚಿದಷ್ಟೂ ಅದು ಹೆಚ್ಚಿ ಬೀಟಾ ಕೋಶವನ್ನು ಸಾಯಿಸುತ್ತದೆ. ಒಳನುಗ್ಗುವ ಕ್ಯಾಲ್ಸಿಯಂ ತಗ್ಗಿಸಿದರೆ ಅದೂ ತಗ್ಗುತ್ತದೆ. 2012ರಲ್ಲಿ ಇಲಿಗಳಲ್ಲಿ ವೆರಪಮಿಲ್ ಬೀಟಾ ಕೋಶಗಳನ್ನು ಉಳಿಸಿತು. 2018ರಲ್ಲಿ, ಟೈಪ್ 1 ಸಕ್ಕರೆ ಕಾಯಿಲೆ ಹೊಸದಾಗಿ ಬಂದ ವಯಸ್ಕರ ಚಿಕ್ಕ ಗುಂಪಿನಲ್ಲೂ ಗುಣ ಕಂಡಿತು. ಇನ್ಸುಲಿನ್ ಬಿಡುಗಡೆಗೆ ಅಡ್ಡಿಯಾಗುವ ಮದ್ದೇ ಅದನ್ನು ತಯಾರಿಸುವ ಕೋಶವನ್ನು ಕಾಯುತ್ತದೆ!

2023ರಲ್ಲಿ ಪ್ರಕಟವಾದ ವೆರಪಮಿಲ್ ಪರೀಕ್ಷೆಯಲ್ಲಿದ್ದವರು ಇದೇ ಕಾಯಿಲೆಯ, 7ರಿಂದ 17 ವರ್ಷದ 88 ಮಕ್ಕಳು. ಅಲ್ಲಿ ಅಳೆದದ್ದು ಸಿ-ಪೆಪ್ಟೈಡ್. ದೇಹ ತಾನೇ ಇನ್ಸುಲಿನ್ ತಯಾರಿಸಿದಾಗ ಅದರೊಂದಿಗೆ ಹೊರಬೀಳುವ ತುಣುಕು ಅದು; ಇಂಜೆಕ್ಷನ್ನಿನ ಇನ್ಸುಲಿನ್ನಿನಲ್ಲಿ ಇರುವುದಿಲ್ಲ. ವರ್ಷ ಕಳೆದಾಗ ವೆರಪಮಿಲ್ ಪಡೆದವರಲ್ಲಿ ಅದು ಉಳಿದವರಿಗಿಂತ ಶೇ. 30ರಷ್ಟು ಹೆಚ್ಚಿತ್ತು. ಮೂರು ತಿಂಗಳ ಸರಾಸರಿ ಸಕ್ಕರೆಯಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ, ಇಂಜೆಕ್ಷನ್ನೂ ತಪ್ಪಲಿಲ್ಲ. ಆದರೆ ಸ್ವಂತ ಇನ್ಸುಲಿನ್ ಚೂರಾದರೂ ಉಳಿದವರಲ್ಲಿ ಸಕ್ಕರೆ ಏಕಾಏಕಿ ಕುಸಿದು ಪ್ರಜ್ಞೆ ತಪ್ಪುವುದು ಕಡಿಮೆ. ರಾತ್ರಿ ಎದ್ದೆದ್ದು ಮಗುವಿನ ಬೆರಳು ಚುಚ್ಚಿ ಸಕ್ಕರೆ ನೋಡುವ ತಾಯಿಗೆ ಅದು ಚಿಕ್ಕ ಸಂಗತಿಯಲ್ಲ.