ತಂದೆಯ ಅನ್ನ, ತಂದೆಯ ಹೆಸರು: ಹಾನಗಲ್ ಸೀಮೆಯಿಂದ ಒಂದು ನ್ಯಾಯಚರಿತ್ರೆ

ಮದುವೆಯಾಗದ ತಾಯಿಯೊಬ್ಬಳು ಕೂಸನ್ನು ದೀಕ್ಷಾಸ್ನಾನಕ್ಕೆ ತಂದಾಗ, ದಾಖಲೆ ಪುಸ್ತಕದ 'ತಂದೆ' ಎಂಬ ಅಂಕಣದ ಮುಂದೆ ಸಭಾಪಾಲಕರ ಲೇಖನಿ ತಡೆಯುತ್ತದೆ. ಆ ತಡೆಯ ಹಿಂದೆ ಒಂಬತ್ತು ಶತಮಾನಗಳ ನ್ಯಾಯಚರಿತ್ರೆಯಿದೆ. ಅದನ್ನು ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ನೆಲದಲ್ಲಿ ನಿಂತು ನೋಡೋಣ.

ಹಾನಗಲ್ಲಿನ ಕದಂಬರು ಕಲ್ಯಾಣದ ಚಾಲುಕ್ಯರ ಸಾಮಂತರಾಗಿ ಪಾನುಂಗಲ್ಲು ಐನೂರನ್ನು ಆಳುತ್ತಿದ್ದ ಕಾಲದಲ್ಲಿಯೇ, ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರವನ್ನು ರಚಿಸಿದನು. ಅದರಂತೆ, ಶೂದ್ರನಿಗೆ ದಾಸಿಯಲ್ಲಿ ಹುಟ್ಟಿದ ಮಗನಿಗೆ ತಂದೆ ಬದುಕಿರುವಾಗ ಅವನ ಇಚ್ಛೆಯ ಮೇರೆಗೆ ಪಾಲು ಸಲ್ಲಬಹುದು. ತಂದೆ ತೀರಿದ ಮೇಲೆ ಔರಸ ಸಹೋದರರು ಅವನಿಗೆ ಅರ್ಧಪಾಲು ಕೊಡತಕ್ಕದ್ದು. ದ್ವಿಜರ ದಾಸೀಪುತ್ರನಿಗಾದರೋ ಜೀವನಾಂಶ ಮಾತ್ರ, ಅದೂ ಅವನು ವಿಧೇಯನಾಗಿದ್ದರೆ. ಮೇಲುಜಾತಿಯ ತಂದೆಯ ಹೊಣೆಯೇ ಹಗುರವಾಗಿದ್ದುದನ್ನು ನಾವು ಮರೆಮಾಚಲಾರೆವು. ಹಾಗಿದ್ದರೂ ವಿವಾಹದ ಹೊರಗೆ ಹುಟ್ಟಿದ ಮಗನೂ ತಂದೆಗೆ ಏನೋ ಒಂದು ಆಗಿದ್ದಾನೆಂಬ ಒಪ್ಪಿಗೆ ಅಲ್ಲಿತ್ತು.

ಬ್ರಿಟಿಷರ ಕಾಲದಲ್ಲಿ ಧಾರವಾಡ ಜಿಲ್ಲೆಯ ನ್ಯಾಯಾಲಯಗಳು ಹಿಂದೂಗಳಿಗೆ ಮಿತಾಕ್ಷರವನ್ನೇ ಅನ್ವಯಿಸಿದವು. (ಸವಣೂರು ಮಾತ್ರ 1948ರವರೆಗೆ ನವಾಬರ ಸಂಸ್ಥಾನವಾಗಿದ್ದುದರಿಂದ ಈ ಮಾತು ಮಿಕ್ಕ ಮೂರಕ್ಕೆ ಸಲ್ಲುತ್ತದೆ.) 1872ರ ಸಾಕ್ಷ್ಯ ಅಧಿನಿಯಮದ 112ನೆಯ ಕಲಮು ವಿವಾಹಿತನ ಪಿತೃತ್ವವನ್ನು ಬಹುಮಟ್ಟಿಗೆ ಪ್ರಶ್ನಾತೀತವಾಗಿಸಿತು; ಅವಿವಾಹಿತನದನ್ನು ತಾಯಿಯೇ ರುಜುವಾತುಪಡಿಸಬೇಕಾಯಿತು. ಆದರೆ 1898ರ ದಂಡ ಪ್ರಕ್ರಿಯಾ ಸಂಹಿತೆಯ 488ನೆಯ ಕಲಮು ಜಾತಿಮತಗಳನ್ನು ಕೇಳಲಿಲ್ಲ: ಔರಸವಿರಲಿ, ಅನೌರಸವಿರಲಿ, ತನ್ನನ್ನು ತಾನು ಪೋಷಿಸಿಕೊಳ್ಳಲಾರದ ಮಗುವಿಗೆ ತಂದೆ ಜೀವನಾಂಶ ಕೊಡಬೇಕು. ಅದರ ಪ್ರೇರಣೆ ಕರುಣೆಗಿಂತ ಹೆಚ್ಚಾಗಿ ಅಲೆಮಾರಿತನದ ತಡೆಯೇ ಆಗಿದ್ದರೂ, ಅನ್ನವಂತೂ ಅನ್ನವೇ. ಅದೇ ಹೊಣೆ 1973ರ ಸಂಹಿತೆಯ 125ನೆಯ ಕಲಮಿಗೂ, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ಕ್ಕೂ ಇಳಿದುಬಂದಿದೆ.

ಅನ್ನ ಉಳಿಯಿತು, ಪಾಲು ಹೋಯಿತು. ಸುಧಾರಣೆಯೆಂದು ನಾವು ಕೊಂಡಾಡುವ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ಅನೌರಸ ಮಗುವಿನ ಸಂಬಂಧವನ್ನು ತಾಯಿಗಷ್ಟೇ ಸೀಮಿತಗೊಳಿಸಿ, ಮಿತಾಕ್ಷರವು ಶೂದ್ರನ ದಾಸೀಪುತ್ರನಿಗೆ ಇತ್ತಿದ್ದ ಅರ್ಧಪಾಲನ್ನೂ ಅಳಿಸಿತು. ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ 2023ರಲ್ಲಿ ಸರ್ವೋಚ್ಚ ನ್ಯಾಯಾಲಯವು ತಂದೆತಾಯಿಯರ ಆಸ್ತಿಯಲ್ಲಿ ಪಾಲನ್ನು ಎತ್ತಿಹಿಡಿದದ್ದು ಅಸಿಂಧು ವಿವಾಹದ ಮಕ್ಕಳಿಗೆ. ವಿವಾಹವೇ ನಡೆಯದಿದ್ದಲ್ಲಿ ಆ ತೀರ್ಪು ನೆರವಿಗೆ ಬಾರದು. ನಾವು ಕ್ರೈಸ್ತರೂ ಹೆಮ್ಮೆಪಡುವಂತಿಲ್ಲ: ನಮಗೆ ಅನ್ವಯಿಸುವ 1925ರ ಉತ್ತರಾಧಿಕಾರ ಅಧಿನಿಯಮದಂತೆ, ಉಯಿಲಿನಲ್ಲಿ 'ಮಗು' ಎಂದು ಬರೆದರೂ, ಬೇರೆ ಸೂಚನೆಯಿಲ್ಲದಿದ್ದರೆ, ಔರಸ ಮಗುವೆಂದೇ ಅರ್ಥ.

ಪಾಲಕತ್ವದ ಮಾತು ಬೇರೆ. 2015ರ ಜುಲೈಯಲ್ಲಿ ದೆಹಲಿಯ ಒಬ್ಬ ಅವಿವಾಹಿತ ಕ್ರೈಸ್ತ ತಾಯಿಯ ಮೇಲ್ಮನವಿಯಲ್ಲಿ, ಮಗುವಿನ ಬಗ್ಗೆ ಕಾಳಜಿಯೇ ತೋರದ ತಂದೆಗೆ ನೋಟಿಸು ಕೊಡದೆಯೂ ಆಕೆಯ ಪಾಲಕತ್ವದ ಅರ್ಜಿಯನ್ನು ವಿಚಾರಿಸಬಹುದೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಜನನ ಪ್ರಮಾಣಪತ್ರಕ್ಕೆ ಅಂಥ ತಾಯಿಯ ಪ್ರಮಾಣಪತ್ರವೊಂದೇ ಸಾಕೆಂದೂ ವಿಧಿಸಿತು. ಹೊಣೆ ಹೊರದವನಿಗೆ ಹಕ್ಕೂ ಇಲ್ಲವೆಂಬ ಈ ನಿಲುವು ನಮಗೆ ಸರಿಯೆನಿಸುತ್ತದೆ.

ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಯೋಸೇಫನು ಕೂಸಿಗೆ ಹೆಸರಿಟ್ಟನು. ಆ ಹೆಸರಿಡುವಿಕೆಯಿಂದಲೇ ಅವನು ನ್ಯಾಯದ ದೃಷ್ಟಿಯಲ್ಲಿ ತಂದೆಯಾದನು. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ 877ನೆಯ ವಿಧಿಯೂ ತಂದೆಯಿಂದ ಇಂಥದೊಂದು ಕ್ರಿಯೆಯನ್ನು ಬಯಸುತ್ತದೆ. ಸಾರ್ವಜನಿಕ ದಾಖಲೆ ಇರಬೇಕು, ಇಲ್ಲವೇ ಆತನೇ ಬಂದು ಸ್ಥಳೀಯ ಗುರುಗಳ ಮತ್ತು ಇಬ್ಬರು ಸಾಕ್ಷಿಗಳ ಮುಂದೆ ಒಪ್ಪಿಕೊಳ್ಳಬೇಕು. ಆಗ ಹೆಸರು ಬರೆಯಬಹುದು. ಊರವರ ಪಿಸುಮಾತು ಸಾಲದು. ಆತ ಬಾರದಿದ್ದರೆ ತಾಯಿಯ ಹೆಸರನ್ನು ಅವಳ ಇಚ್ಛೆಯಂತೆ ಬರೆದು, ತಂದೆಯ ಅಂಕಣವನ್ನು ಖಾಲಿ ಬಿಡತಕ್ಕದ್ದು. ಮಗುವಿನ ಹೆಸರಿನ ಪಕ್ಕದಲ್ಲಿ ಬೇರೆ ಯಾವ ವಿಶೇಷಣವನ್ನೂ ಸೇರಿಸಬಾರದು.